ಟೇಬಲ್‌ನಲ್ಲಿ ಐಡಿ: ಕೋಡ್ ಹಾಕಿ ಕೇಳಿ

ಫ್ರಂಟ್‌ಎಂಡ್ ಮೇಡಂ: ವೆಬ್ ಪೇಜ್ ಬರೆಯುವ ಎಚ್‌ಟಿಎಂಎಲ್‌ನ ಟೇಬಲ್, ಅದರ ಐಡಿ (ಪೇಜ್‌ನ ಒಂದು ಭಾಗಕ್ಕೆ ಕೊಡುವ ಗುರುತಿನ ಹೆಸರು) ಬಗ್ಗೆ ಏನೇ ಇದ್ದರೂ ಕೇಳಿ. ಸ್ಕ್ರೀನ್‌ಶಾಟ್ ಬೇಡ, ಕೋಡ್ ಹಾಕಿ.

ಹೊಸಚಿಗುರು: ಮೇಡಂ, ಪ್ರತಿ ಟಿಡಿಗೂ, ಅಂದರೆ ಟೇಬಲ್‌ನ ಪ್ರತಿ ಸೆಲ್‌ಗೂ, ಐಡಿ ಕೊಡಬೇಕಾ?

ಫ್ರಂಟ್‌ಎಂಡ್ ಮೇಡಂ: ಬೇಡ. ಲಿಂಕೋ ಲೇಬಲ್ಲೋ ಸ್ಕ್ರಿಪ್ಟೋ ಅದನ್ನು ಹುಡುಕಿಕೊಂಡು ಬರುವುದಿದ್ದರೆ ಮಾತ್ರ ಕೊಡಿ.

ರಾತ್ರಿಪಾಳಿ: ನನ್ನದು ಹಾಜರಿ ಟೇಬಲ್. ‘ಸಾಲು ಸೇರಿಸಿ’ ಒತ್ತಿದರೆ ಮೊದಲ ಸಾಲು ಕ್ಲೋನ್ ಆಗಿ ಕೆಳಗೆ ಕೂರುತ್ತದೆ. ಮೂರನೇ ಸಾಲಿನಲ್ಲಿ ‘ಬಂದಿದ್ದಾರೆ’ ಅನ್ನೋ ಅಕ್ಷರದ ಮೇಲೆ ಕ್ಲಿಕ್ ಮಾಡಿದರೆ ಟಿಕ್ ಬೀಳುವುದು ಮೊದಲನೇ ಸಾಲಿಗೆ! ಬಾಕ್ಸ್ ಮೇಲೇ ಒತ್ತಿದರೆ ಸರಿಯಾಗಿದೆ. ಕನ್ಸೋಲ್‌ನಲ್ಲಿ ಎರರ್ ಇಲ್ಲ.

ಫ್ರಂಟ್‌ಎಂಡ್ ಮೇಡಂ: ಇದು ಸಣ್ಣ ವಿಷಯ ಅಲ್ಲ, ಇದರಿಂದ ಯಾರದೋ ಹಾಜರಿ ಇನ್ಯಾರಿಗೋ ಬೀಳುತ್ತದೆ. ಸಾಲನ್ನು ಕ್ಲೋನ್ ಮಾಡುವ ಕ್ಲೋನ್‌ನೋಡ್ ಐಡಿಯನ್ನೂ ಹಾಗೇ ನಕಲು ಮಾಡುತ್ತದೆ. ಈಗ ನಿಮ್ಮ ಪ್ರತಿ ಸಾಲಿನಲ್ಲೂ ‘ಬಂದ’ ಅನ್ನೋ ಐಡಿಯೇ ಇದೆ. ಲೇಬಲ್ ಯಾವ ಬಾಕ್ಸ್‌ನದು ಅಂತ ಐಡಿಯಿಂದ ಹೇಳುವ ‘ಫಾರ್’ ಪೇಜ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಸ್ಕ್ರಿಪ್ಟ್‌ನಲ್ಲಿ ಐಡಿಯಿಂದ ಹುಡುಕುವ ಗೆಟ್‌ಎಲಿಮೆಂಟ್‌ಬೈಐಡಿ ಮಾಡುವುದೂ ಅದೇ. ಆದರೆ ಪೇಜ್‌ನ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಅದೇ ಐಡಿಗೆ ಬಣ್ಣ ಕೊಟ್ಟರೆ ಎಲ್ಲ ಸಾಲಿಗೂ ಹತ್ತುತ್ತದೆ. ಅದಕ್ಕೇ ನೋಡಲು ಎಲ್ಲ ಸರಿ ಇದೆ ಅನ್ನಿಸುತ್ತದೆ, ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್‌ಪುಟ್ ಅನ್ನು ಲೇಬಲ್ ಒಳಗೇ ಇಡಿ, ಐಡಿಯೇ ಬೇಕಾಗಲ್ಲ. ಬೇಕೇ ಬೇಕು ಅಂದರೆ ಡೇಟಾಬೇಸ್‌ನ ನಂಬರ್ ಸೇರಿಸಿ: ‘ಬಂದ-41’. ಸಾಲಿನ ಸಂಖ್ಯೆ ಸೇರಿಸಬೇಡಿ, ಸಾರ್ಟ್ ಮಾಡಿದ ಕೂಡಲೇ ಬದಲಾಗುತ್ತದೆ. ಇನ್ನು ಸ್ಕ್ರಿಪ್ಟ್‌ಗೆ, ಟಿಆರ್ (ಸಾಲು) ಮೇಲೆ ಒಂದು ಡೇಟಾ ಆಟ್ರಿಬ್ಯೂಟ್ ಇಟ್ಟು, ಸಾಲುಗಳೆಲ್ಲ ಇರುವ ಟಿಬಾಡಿಗೆ ಒಂದೇ ಲಿಸನರ್ (ಕ್ಲಿಕ್ ಗಮನಿಸುವ ಕೋಡ್) ಹಾಕಿ, ಕ್ಲೋಸೆಸ್ಟ್‌ನಿಂದ ಕ್ಲಿಕ್ ಆದ ಸಾಲು ಹುಡುಕಿ.

ನಿಮ್ಮ ಪೇಜ್‌ನಲ್ಲಿ ಇಂಥ ಟೇಬಲ್ ಒಂದೇನಾ, ಎರಡಾ?

ಬಿಸಿಲುಕುದುರೆ: ಇದು ಫಾರ್ವರ್ಡ್ ಬಂದಿದ್ದು: ‘ಐಡಿ ರಿಪೀಟ್ ಆದರೂ ಪರವಾಗಿಲ್ಲ, ಡಬ್ಲ್ಯೂಸಿಎಜಿ 2.2 (ವೆಬ್ ಎಲ್ಲರಿಗೂ ಬಳಸಲು ಬರಬೇಕು ಅನ್ನೋ ಮಾರ್ಗಸೂಚಿ) ಆ ನಿಯಮ ತೆಗೆದುಹಾಕಿದೆ.’ ಹೌದಾ?

ಫ್ರಂಟ್‌ಎಂಡ್ ಮೇಡಂ: ಅರ್ಧ ಸತ್ಯ. 2023ರಲ್ಲಿ ಬಂದ 2.2ರಲ್ಲಿ ಐಡಿ ರಿಪೀಟ್ ಬೇಡ ಅನ್ನುತ್ತಿದ್ದ 4.1.1 ನಿಯಮ ಇಲ್ಲ, ನಿಜ. ಎಚ್‌ಟಿಎಂಎಲ್‌ನಲ್ಲಿ ಐಡಿ ಒಂದೇ ಇರಬೇಕು ಅನ್ನೋದು ಎಲ್ಲೂ ಹೋಗಿಲ್ಲ. ರಾತ್ರಿಪಾಳಿಯವರ ಕೇಸ್ ಓದಿ.

ಹೂಬಳ್ಳಿ: ಪ್ರತಿ ಟಿಡಿಗೂ ಐಡಿ ಇದ್ದರೆ ಒಳ್ಳೇದಲ್ವಾ?

ಫ್ರಂಟ್‌ಎಂಡ್ ಮೇಡಂ: ಮೇಲೆ ಇದೆ.

ಗೆರೆಗಾರ: ಇನ್ನೊಂದು, ಐಡಿ ಅಂಕಿಯಿಂದ ಶುರುವಾಗಬಾರದು.

ಬಿಸಿಲುಕುದುರೆ: ಅದು ಎಚ್‌ಟಿಎಂಎಲ್ 4ರ ಕಾಲದ ಮಾತು ಸರ್. ಈಗ ಖಾಲಿ ಇರಬಾರದು, ಸ್ಪೇಸ್ ಇರಬಾರದು, ಅಷ್ಟೇ.

ಗೆರೆಗಾರ: ಸಿಎಸ್‌ಎಸ್ ರೀತಿಯಲ್ಲಿ ಹುಡುಕುವ ಕ್ವೆರಿಸೆಲೆಕ್ಟರ್‌ನಲ್ಲಿ ಹ್ಯಾಶ್ 41 ಅಂತ ಕೊಟ್ಟು ನೋಡಿ, ಎರರ್ ಮುಖಕ್ಕೆ ಹೊಡೆಯುತ್ತೆ. ಆಮೇಲೆ ಕಾಲ ಹೇಳಿ.

ಬಿಸಿಲುಕುದುರೆ: ಎಸ್ಕೇಪ್ ಮಾಡೋಕೆ (ಎರರ್ ಬರದ ಹಾಗೆ ಬದಲಿಸಿ ಬರೆಯೋಕೆ) ಬರಲ್ವಾ? ಸಿಎಸ್‌ಎಸ್.ಎಸ್ಕೇಪ್ ಇರೋದು ಯಾಕೆ?

ಗೆರೆಗಾರ: ಮುಂದೆ ಒಂದು ಅಕ್ಷರ ಹಾಕಿದರೆ ಮುಗೀತಲ್ಲ. ಸುಮ್ನೆ ವಾದಕ್ಕೆ ವಾದ.

ಹೊಸಚಿಗುರು: ಟೇಬಲ್‌ನ ಪಿಡಿಎಫ್ ಮಾಡಿದಾಗ ಐಡಿ ಉಳಿಯುತ್ತಾ?

ಬಿಸಿಲುಕುದುರೆ: ಗೆರೆಗಾರ ಸರ್, ವಾದ ಶುರು ಮಾಡಿದ್ದು ನೀವು.

ಫ್ರಂಟ್‌ಎಂಡ್ ಮೇಡಂ: ಇಬ್ಬರೂ ಹೇಳಿದ್ದು ಸರಿ. ಒಬ್ಬರು ಎಚ್‌ಟಿಎಂಎಲ್ ಹೇಳುತ್ತಿದ್ದೀರಿ, ಇನ್ನೊಬ್ಬರು ಸಿಎಸ್‌ಎಸ್. ನಿಲ್ಲಿಸಿ.

ಹೂಬಳ್ಳಿ: ನನಗೂ ಒಂದು ಮೆಸೇಜ್ ಬಂದಿದೆ, ಪ್ರತಿ ಸಲ ಯಾವುದೋ ಒಂದು ಅಂಕಿ ಕೊಡುವ ಮ್ಯಾತ್.ರಾಂಡಮ್‌ನಿಂದ ಐಡಿ ಮಾಡಿದರೆ ಎಲ್ಲ ತಾಪತ್ರಯ ಹೋಗುತ್ತಂತೆ.

ಫ್ರಂಟ್‌ಎಂಡ್ ಮೇಡಂ: ಪೇಜ್ ರಿಫ್ರೆಶ್ ಮಾಡಿದ ಕೂಡಲೇ ಐಡಿ ಬೇರೆ. ಯಾರಿಗಾದರೂ ಕಳಿಸಿದ ಲಿಂಕ್ ಆ ಸಾಲಿಗೆ ಹೋಗಲ್ಲ, ಟೆಸ್ಟ್‌ಗಳೂ ಕೆಡುತ್ತವೆ. ಇಂಥ ಫಾರ್ವರ್ಡ್‌ಗಳನ್ನು ಇಲ್ಲಿಗೆ ತರಬೇಡಿ ಅಂತ ಎಷ್ಟು ಸಲ ಹೇಳಲಿ?

ಹೂಬಳ್ಳಿ: ಕೇಳಿದ್ದೇ ತಪ್ಪಾಯ್ತಾ?

ರಾತ್ರಿಪಾಳಿ: ಮೇಡಂ, ಲೇಬಲ್ ಸರಿಹೋಯ್ತು. ಟೇಬಲ್ ಎರಡಿವೆ. ಎರಡರಲ್ಲೂ ‘ಒಟ್ಟು’ ಅನ್ನೋ ಟಿಎಚ್ (ತಲೆಬರಹದ ಸೆಲ್) ಐಡಿ ಇದೆ, ತಲೆಬರಹ ಯಾವುದು ಅಂತ ಹೇಳುವ ಟಿಡಿಗಳ ಹೆಡರ್ಸ್‌ನಲ್ಲಿ ಅದನ್ನೇ ಕೊಟ್ಟಿದ್ದೇನೆ.

ಫ್ರಂಟ್‌ಎಂಡ್ ಮೇಡಂ: ಇದೇ ಭಯ ಇತ್ತು. ಆ ಐಡಿ ಪೇಜ್‌ನಲ್ಲಿ ಮೊದಲು ಸಿಗುವುದು ಮೊದಲ ಟೇಬಲ್‌ನಲ್ಲಿ. ಎರಡನೇ ಟೇಬಲ್‌ನ ಟಿಡಿಗೆ ಅದು ಬೇರೆ ಟೇಬಲ್‌ನ ಸೆಲ್, ಲೆಕ್ಕಕ್ಕೆ ಬರಲ್ಲ. ನಿಯಮದ ಪ್ರಕಾರ ಆ ಟಿಡಿಗೆ ‘ಒಟ್ಟು’ ಅನ್ನೋ ತಲೆಬರಹವೇ ಇಲ್ಲ. ಸ್ಕ್ರೀನ್ ರೀಡರ್ (ಪೇಜ್ ಓದಿ ಹೇಳುವ ಸಾಫ್ಟ್‌ವೇರ್) ಬಳಸುವವರಿಗೆ ಬರೀ ಅಂಕಿ ಕೇಳಿಸಬಹುದು. ತಲೆಬರಹ ಒಂದೇ ಸಾಲಿನದಾದರೆ ಹೆಡರ್ಸ್ ತೆಗೆದು ಟಿಎಚ್‌ಗೆ ಸ್ಕೋಪ್ (ಅದು ಕಾಲಮ್‌ನದೋ ಸಾಲಿನದೋ ಅಂತ) ಕೊಡಿ, ಸಾಕು. ಎರಡು ಮೂರು ಹಂತದ್ದಾದರೆ ಮಾತ್ರ ಐಡಿ ಇಟ್ಟುಕೊಂಡು ಮುಂದೆ ಟೇಬಲ್ ಹೆಸರು ಸೇರಿಸಿ.

ಮೌನಿ: ಸರ್, ಪ್ರತಿ ಟಿಡಿಗೂ ಐಡಿ ಕೊಡಬೇಕಾ?

ಗೆರೆಗಾರ: ಮೇಲೆ ಓದೋ ಅಭ್ಯಾಸ ಯಾರಿಗೂ ಇಲ್ವಾ? ಅವರು ಸರ್ ಅಲ್ಲ, ಮೇಡಂ.

ಬಿಸಿಲುಕುದುರೆ: ನೀವು ಅಡ್ಮಿನ್ ಯಾವಾಗ ಆದ್ರಿ?