ಅಪ್‌ಡೇಟ್: ತಾತನ ಜಮೀನಿನಲ್ಲಿ ಹೆಣ್ಣುಮಕ್ಕಳ ಪಾಲು, ರಾಜಿ ಆಯ್ತು

ಹಿಂದೆ ಕೇಳಿದ್ದೆ: ಅಪ್ಪ 2003ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ತಾತನಿಂದ ಬಂದ ಜಮೀನಿನಲ್ಲಿ ನನಗೂ ಅಕ್ಕನಿಗೂ ಪಾಲಿಲ್ಲ, ಬಾಯಿಮಾತಲ್ಲೇ ವಿಭಾಗ ಆಗಿದೆ ಅಂತ ಅಣ್ಣ ಹೇಳ್ತಿದ್ದ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ ಎಂದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾವು ಹಾಕಲಿಲ್ಲ.

ವಕೀಲರು ಮೊದಲು ತೋರಿಸಿದ್ದು ವಿನೀತಾ ಶರ್ಮಾ ಪ್ರಕರಣದ 2020ರ ಸುಪ್ರೀಂ ಕೋರ್ಟ್ ತೀರ್ಪು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕಾನೂನು ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಲೇಬೇಕು ಅಂತೇನಿಲ್ಲ. ಸರ್ಕಾರಿ ದಾಖಲೆಯ ಬಲವಿಲ್ಲದ ಬಾಯಿಮಾತಿನ ವಿಭಾಗ ಸುಲಭಕ್ಕೆ ನಿಲ್ಲುವುದೂ ಇಲ್ಲ. ಪಹಣಿ ತೆಗೆಸಿದರೆ ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇತ್ತು! ಅಣ್ಣನ ಮಾತು ಅಲ್ಲೇ ಬಿದ್ದುಹೋಯಿತು.

ದಾವೆ ಹಾಕಿದೆವು. ಕೋರ್ಟ್ ಮಧ್ಯಸ್ಥಿಕೆಗೆ ಕಳಿಸಿತು. ಲೆಕ್ಕದ ಪ್ರಕಾರ ಜಮೀನನ್ನು 16 ಪಾಲು ಮಾಡಿದರೆ ಅಪ್ಪನಿಗೂ ಮಕ್ಕಳು ಮೂವರಿಗೂ ತಲಾ 4. ಅಪ್ಪನ ಆ 4ರಲ್ಲಿ ಅಮ್ಮನಿಗೂ ನಮಗೂ ತಲಾ 1. ಅಲ್ಲಿಗೆ ಮಕ್ಕಳಿಗೆ ತಲಾ 5, ಅಮ್ಮನಿಗೆ 1. ಅಮ್ಮನಿಗೆ ಇಷ್ಟು ಕಡಿಮೆಯಾ ಅಂತ ನನಗೆ ಬೇಜಾರಾಯ್ತು. ಕೊನೆಗೆ ಮೂವರೂ ಒಪ್ಪಿ ಬಾವಿ ಪಕ್ಕದ ತುಂಡನ್ನು ಅಮ್ಮನ ಹೆಸರಿಗೆ ಬಿಟ್ಟೆವು. ಅಣ್ಣನೇ ಮೊದಲು ತಲೆಯಾಡಿಸಿದ.

ರಾಜಿ ಡಿಕ್ರಿ (ರಾಜಿಯ ಪ್ರಕಾರ ಕೋರ್ಟಿನ ಆದೇಶ) ಆಗಿದೆ. ಈಗ ಸರ್ವೆಗೆ ಅರ್ಜಿ ಹಾಕಿದ್ದೇವೆ, ಆಮೇಲೆ ಖಾತೆ ಬದಲಾವಣೆ.