ಸಹಾಯ ಬೇಕು: ಮನೆ ಸರ್ವೆಗೂ ಸ್ಯಾಟಲೈಟ್ ಚಿತ್ರಕ್ಕೂ ತಾಳೆನೇ ಆಗ್ತಿಲ್ಲ
ರಿಮೋಟ್ ಸೆನ್ಸಿಂಗ್ (ಸ್ಯಾಟಲೈಟ್ ಚಿತ್ರದಿಂದ ನೆಲದ ಮಾಹಿತಿ ತೆಗೆಯೋದು) ಗೊತ್ತಿರೋರು ಸ್ವಲ್ಪ ದಾರಿ ತೋರ್ಸಿ ಪ್ಲೀಸ್. ಮನೆಮನೆ ಸರ್ವೆ ಮಾಡಿ ಯಾರು ಯಾವ ವರ್ಷ ಬೆಳೆ ಬಿಟ್ಟು ಮರ ಹಾಕಿದ್ರು ಅಂತೆಲ್ಲ ಕೇಳ್ಕೊಂಡು ಬಂದಿದೀವಿ, ಈಗ ಅದನ್ನ ಲ್ಯಾಂಡ್‌ಸ್ಯಾಟ್ ಸ್ಯಾಟಲೈಟ್ ಚಿತ್ರದ ಜೊತೆ ಸೇರ್ಸಿ ಭೂಬಳಕೆ ಹೆಂಗೆ ಬದಲಾಯ್ತು ನೋಡ್ಬೇಕು, ಎಡವಟ್ಟು ಏನಂದ್ರೆ ಜಿಪಿಎಸ್ ಪಾಯಿಂಟ್ ತಗೊಂಡಿರೋದು ಮನೆ ಬಾಗಿಲಲ್ಲಿ, ಜಮೀನಲ್ಲಲ್ಲ (ನಮ್ದೇ ದಡ್ಡತನ). ಮನೆ ಸುತ್ತ ಒಂದು ಕಿಲೋಮೀಟರ್ ಬಫರ್ (ಅಷ್ಟು ದೂರದ ವೃತ್ತ) ಹಾಕಿದ್ರೆ ಅಕ್ಕಪಕ್ಕದೋರ ಹೊಲನೂ ಒಳಗೆ ಬಂದ್ಬಿಡುತ್ತೆ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಪಿಕ್ಸೆಲ್ಲೇ (ಚುಕ್ಕಿ) ನೆಲದ ಮೇಲೆ 30 ಮೀಟರ್, ತುಂಡು ಜಮೀನು ಅದ್ರಲ್ಲಿ ಕರಗೇ ಹೋಗುತ್ತೆ. ಸೆಂಟಿನೆಲ್-2 ಅನ್ನೋ ಇನ್ನೊಂದು ಸ್ಯಾಟಲೈಟಲ್ಲಿ 10 ಮೀಟರ್ ಸಿಗುತ್ತೆ ನಿಜ, ಆದ್ರೆ ಅದು 2015ರಿಂದ ಈಚೆಗಷ್ಟೇ, ನಮ್ಗೆ 2000ದಿಂದ ಬೇಕು. ಮತ್ತೆ ಹೋಗಿ ಗಡಿ ನಡೆದು ಅಳೀಬೇಕಾ, ಇಲ್ಲ ಊರಿನ ಮಟ್ಟಕ್ಕೆ ಒಟ್ಟುಗೂಡಿಸಿದ್ರೆ ಸಾಕಾ? ಮಾಡಿ ನೋಡಿದೋರು ಹೇಳಿ.