ಬಾಂಬ್ ಬೀಳದ ಊರಿನ ಯುದ್ಧವನ್ನ ಮಕ್ಕಳಿಗೆ ಹೇಗೆ ಹೇಳೋದು?

ಮಲ್ಲೇಶ್ವರಂ ಟೀಚರ್:
ನಮಸ್ಕಾರ. ಹತ್ತನೇ ಕ್ಲಾಸಿಗೆ ಸಮಾಜ ವಿಜ್ಞಾನ ತಗೋತೀನಿ. ಎರಡನೇ ಮಹಾಯುದ್ಧ ಅಂದ್ರೆ ಮಕ್ಕಳಿಗೆ ಹಿಟ್ಲರ್, ಹಿರೋಶಿಮಾ, ಮುಗೀತು. ಆಗ ಬೆಂಗಳೂರಿನ ಮನೆಗಳಿಗೂ ಯುದ್ಧದ ಬಿಸಿ ತಟ್ಟಿತ್ತು ಅಂದ್ರೆ ನಂಬಲ್ಲ. ಲೈಟ್ ಆರಿಸಿ, ಸೈರನ್ ಹಾಕಿ, ಡೆಸ್ಕ್ ಕೆಳಗೆ ಕೂರಿಸಿ ಅಂತ ಸಹೋದ್ಯೋಗಿಯೊಬ್ಬರು ಹೇಳ್ತಿದ್ದಾರೆ. ಮಾಡ್ಲಾ?

ಚಾಮರಾಜಪೇಟೆ ಮೇಷ್ಟ್ರು (ನಿವೃತ್ತ):
ಸೈರನ್ ಬೇಡಮ್ಮ. ಕಿರುಚ್ತಾರೆ, ನಗ್ತಾರೆ, ಆಮೇಲೆ ಪೀರಿಯಡ್ಡೇ ಕೈಗೆ ಸಿಗಲ್ಲ. ಅಡುಗೆಮನೆಯಿಂದ ಶುರು ಮಾಡಿ.

1942ರಲ್ಲಿ ಜಪಾನ್ ಬರ್ಮಾ ಹಿಡೀತು, ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತಿತು. ಬೋರ್ಡ್ ಮೇಲೆ ಇಷ್ಟು ಬರೆದ್ರೆ ಸಾಕು. ನಾನು ಮೇಜಿನ ಮೇಲೆ ಪೇಪರ್ ಹಾಸಿ, ಒಂದು ಪಾವು ಅಕ್ಕಿ ಸುರಿದು, "ಇದು ಮನೆಯ ಇವತ್ತಿನ ಪಾಲು ಅನ್ಕೊಳ್ಳಿ. ಅಜ್ಜಿ, ಅಪ್ಪ, ಅಮ್ಮ, ಸಣ್ಣ ಮಗು, ಗಾರೆ ಕೆಲಸದ ಚಿಕ್ಕಪ್ಪ. ಹಂಚಿ" ಅಂತಿದ್ದೆ. ಹುಡುಗರು ಪಟ್ಟಂತ ಸಮಭಾಗ ಮಾಡಿ ಕೈ ಒರೆಸ್ಕೊಳ್ಳೋರು. ಒಂದ್ಸಲ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ನೆಂಟರು ಬಂದ್ರೆ? ಅವರ ರೇಷನ್ ಕಾರ್ಡು ಅವರೂರಲ್ಲೇ ಇರುತ್ತಲ್ಲ" ಅಂದಳು. ಅಮ್ಮನ ಗುಡ್ಡೆಯಿಂದಲೇ ಒಂದು ಹಿಡಿ ತೆಗೆದು ಪಕ್ಕಕ್ಕಿಟ್ಟಳು. ಯಾಕೆ ಅಮ್ಮಂದೇ ಅಂತ ಆವತ್ತು ಕ್ಲಾಸಲ್ಲಿ ದೊಡ್ಡ ಜಗಳ.

ಕಾಳಸಂತೆ ಮಾತು ಅಲ್ಲಿಂದಲೇ ತಾನಾಗಿ ಬರುತ್ತೆ. ಬಿಡಬೇಡಿ. ಎಲ್ಲರೂ ತ್ಯಾಗ ಮಾಡಿದ್ರು ಅನ್ನೋ ಭಾಷಣ ನನಗೆ ಆಗಿಬರಲ್ಲ. ಅಕ್ಕಿ ಬಚ್ಚಿಟ್ಟು ದುಡ್ಡು ಮಾಡಿದೋರೂ ನಮ್ಮೋರೇ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತಿದ್ದನ್ನೂ ಆಗಲೇ ಹೇಳಿ.

ಇನ್ನೊಂದು, ತೂತು ಕಾಸು. 1943ರಿಂದ 47ರವರೆಗೆ ಟಂಕಿಸಿದ ಕಾಲಾಣೆ, ನಡುವೆ ದುಂಡಗೆ ತೂತು. ಅವೆನ್ಯೂ ರೋಡಲ್ಲಿ ಹಳೇ ನಾಣ್ಯ ಮಾರೋರನ್ನ ಕೇಳಿ ನೋಡಿ. ಕೈಗೆ ಕೊಟ್ರೆ ಮೊದಲು ಕಣ್ಣಿಗೆ ಹಿಡ್ಕೊಂಡು ನೋಡ್ತಾರೆ, ನೋಡ್ಲಿ. "ತೂತು ಯಾಕೆ?" ಅಂತ ಅವರೇ ಕೇಳ್ತಾರೆ. ಯುದ್ಧಕ್ಕೆ ಲೋಹ ಬೇಕು, ನಾಣ್ಯದಲ್ಲಿ ಉಳಿಸಿದ್ರು. 1940ರಲ್ಲೇ ಬೆಳ್ಳಿ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿದು, ಒಂದು ರೂಪಾಯಿ ನೋಟು ಮತ್ತೆ ಬಂದಿತ್ತು.

ಇದ್ದಿಲು ಬಸ್ ಹುಡುಗರಿಗೆ ಬಹಳ ಇಷ್ಟ. ಪೆಟ್ರೋಲ್ ಸಿಗದೆ ಬಸ್ಸಿನ ಹಿಂದೆ ಡ್ರಮ್ಮಿನಂಥ ಒಲೆ ಕಟ್ಟಿ, ಇದ್ದಿಲು ತುಂಬಿ, ಹಿಡಿ ತಿರುಗಿಸಿ ಗಾಳಿ ಊದೋರು. ಆ ಗ್ಯಾಸಲ್ಲಿ ಎಂಜಿನ್ ಓಡ್ತಿತ್ತು. ಏರು ಬಂದ್ರೆ ಇಳಿದು ತಳ್ಳಬೇಕಿತ್ತು ಅಂತ ನಮ್ಮಪ್ಪ ಹೇಳೋರು.

ನಮ್ಮ ವಿಮಾನ ಕಾರ್ಖಾನೆ ಎಚ್‌ಎಎಲ್ ಹುಟ್ಟಿದ್ದೂ ಆಗಲೇ, 1940ರ ಡಿಸೆಂಬರಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆ ಮೈಸೂರು ಸರ್ಕಾರವೂ ಬಂಡವಾಳ ಹಾಕಿತ್ತು. ಕ್ಲಾಸಲ್ಲಿ ಯಾರದಾದ್ರೂ ತಾತ, ಮುತ್ತಾತ ಅಲ್ಲಿ ದುಡಿದಿರಬಹುದು, ವಿಚಾರಿಸಿ.

ಅಂಚೆಚೀಟಿ ಹುಚ್ಚ, ಜಯನಗರ:
ಮೇಷ್ಟ್ರೆ, 1971ರ ಪಾಕಿಸ್ತಾನ ಯುದ್ಧ ಬಿಟ್ರಲ್ಲ! ಅಂಚೆಚೀಟಿ ಸಾಕ್ಷಿ ನನ್ನ ಹತ್ರ ಇದೆ. ಬಾಂಗ್ಲಾ ನಿರಾಶ್ರಿತರಿಗೋಸ್ಕರ ನವೆಂಬರ್ 15ರಿಂದ ಕಾಗದಕ್ಕೆ ಐದು ಪೈಸೆಯ ಇನ್ನೊಂದು ಚೀಟಿ ಹಚ್ಚಬೇಕಿತ್ತು. ಮೊದಲು ಕುಟುಂಬ ಯೋಜನೆ ಚೀಟಿ ಮೇಲೇ 'ರೆಫ್ಯೂಜಿ ರಿಲೀಫ್' ಅಂತ ಅಚ್ಚೊತ್ತಿ ಕೊಟ್ರು. ಯುದ್ಧ ಶುರುವಾಗಿದ್ದು ಡಿಸೆಂಬರ್ 3ಕ್ಕೆ. ಅದಕ್ಕೂ ಮುಂಚೆನೇ ಮಗಳಿಗೆ ಕಾಗದ ಬರೆಯೋ ಅಮ್ಮನ ಜೇಬಿಗೆ ಕೈ ಹಾಕಿತ್ತು ನೋಡಿ.

ಮಲ್ಲೇಶ್ವರಂ ಟೀಚರ್:
ಇಬ್ಬರಿಗೂ ಥ್ಯಾಂಕ್ಸ್. ಸೈರನ್ ಬಿಟ್ಟೆ. ಮೇಷ್ಟ್ರೆ, ಒಂದು ಅಳುಕು. ಕ್ಲಾಸಲ್ಲಿ ಬಂಗಾಳದ ಹುಡುಗ ಒಬ್ಬ ಇದ್ದಾನೆ, ಅಪ್ಪ ಇಲ್ಲೇ ಕಟ್ಟಡದ ಕೆಲಸಕ್ಕೆ ಬಂದಿರೋರು. ಅವನ ಮುಂದೆ ಕ್ಷಾಮದ ಮಾತು ಹೇಗೆ ತೆಗೀಲಿ?

ಚಾಮರಾಜಪೇಟೆ ಮೇಷ್ಟ್ರು:
ಹಿಂದಿನ ದಿನವೇ ಅವನೊಬ್ಬನಿಗೇ ಹೇಳಿಬಿಡಿ, ನಾಳೆ ಇದು ಬರುತ್ತೆ ಅಂತ. ಮನೇಲಿ ಕೇಳ್ಕೊಂಡು ಬಂದು ತಾನೇ ಹೇಳಿದ್ರೆ ಸರಿ. ಎಲ್ಲರೆದುರು ನಿಲ್ಲಿಸಿ "ನಿಮ್ಮೂರಲ್ಲಿ ಏನಾಯ್ತು ಹೇಳು" ಅನ್ನಬೇಡಿ. ಆಮೇಲೆ, ಅಕ್ಕಿ ಅಳೆಯೋಕೆ ಪ್ಲಾಸ್ಟಿಕ್ ಲೋಟ ತರಬೇಡಿ. ಪಾವೇ ಬೇಕು, ಅತ್ತೆಯೋರ ಅಡುಗೆಮನೇಲಿ ಹುಡುಕಿ, ಇದ್ದೇ ಇರುತ್ತೆ.